ದೋಷವನ್ನು ಕಾಣುವ ಬಗೆ

‘ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ’ ಎಂಬುದು ನಮ್ಮ ಹಿರಿಯರ ಗಾದೆ. ರೋಗ ಒಂದೆಡೆ, ಚಿಕಿತ್ಸೆ ಇನ್ನೊಂದೆಡೆ ಆದಾಗ ರೋಗವೂ ವಾಸಿಯಾಗುವುದಿಲ್ಲ, ಆರೋಗ್ಯವಾಗಿದ್ದ ಪ್ರಾಣಿಗೂ ನೋವು ತಪ್ಪುವುದಿಲ್ಲ. ಯಂತ್ರಗಳ ವಿಷಯದಲ್ಲಿಯೂ ನಾವು ಅನೇಕ ವೇಳೆ ಹೀಗೆಯೇ ನಡೆದುಕೊಳ್ಳುತ್ತೇವೆ. ಕಾರಣವನ್ನು ವಿಚಾರಿಸುವ ಮೊದಲೇ ಯಾವುದಾದರೊಂದು ಭಾಗದ ಮೇಲೆ ತಪ್ಪು ಹೊರಿಸಿ ಅದನ್ನು ಬದಲಾಯಿಸಿಬಿಡುತ್ತೇವೆ. ಇದಕ್ಕೆ ಗಣಕಯಂತ್ರವು ಒಳ್ಳೆಯ ನಿದರ್ಶನ.

ಗಣಕಯಂತ್ರದಲ್ಲಿ ಆಟವಾಡುವವರಿಗೆ ಒದಗುವ ತೊಂದರೆಯೊಂದುಂಟು. ಆಟದ ಚಿತ್ರಗಳು ಪರದೆಯ ಮೇಲೆ ತಡೆತಡೆದು ಬರುತ್ತಿವೆಯೆಂದು, ಮನೆಯವರು ಕೂಡಿಟ್ಟ ಹಣದಿಂದ ಹೊಸ ಗ್ರಾಫಿಕ್ಸ್ ಕಾರ್ಡನ್ನು ಕೊಂಡು ಜೋಡಿಸುತ್ತಾರೆ. ಆದರೆ ಆಟವು ಮೊದಲಿನಂತೆಯೇ ಕುಂಟುತ್ತದೆ. ಕೆಲವೊಮ್ಮೆ ಮೊದಲಿಗಿಂತಲೂ ನಿಧಾನವಾಗುತ್ತದೆ. ಹೊಸ ಕಾರ್ಡೇ ಕೆಟ್ಟದ್ದೆಂದು ಆಗ ತೀರ್ಮಾನಿಸುವುದು ಸುಲಭ. ಆ ತೀರ್ಮಾನ ಸರಿಯೇ? ಇದನ್ನು ಅರಿಯಬೇಕಾದರೆ ಚಿತ್ರವು ಪರದೆಗೆ ಬರುವ ಬಗೆಯನ್ನು ಮೊದಲು ತಿಳಿಯಬೇಕು.

ಚಲನಚಿತ್ರದಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 24 ಸ್ಥಿರಚಿತ್ರಗಳು ಒಂದರ ಹಿಂದೊಂದು ಬರುವುದರಿಂದ ನಮ್ಮ ಕಣ್ಣಿಗೆ ಚಲನೆ ಕಾಣುತ್ತದೆ. ಆಟದಲ್ಲಿಯೂ ಹೀಗೆಯೇ. ಆದರೆ ಚಲನಚಿತ್ರದ ಚಿತ್ರಗಳು ಮೊದಲೇ ಸಿದ್ಧವಾಗಿರುತ್ತವೆ. ಆಟದ ಚಿತ್ರಗಳನ್ನಾದರೋ ಯಂತ್ರವು ಆಯಾ ಕ್ಷಣದಲ್ಲಿಯೇ ರಚಿಸಬೇಕು. ಸೆಕೆಂಡಿಗೆ 60 ಚಿತ್ರಗಳು ಬೇಕೆಂದರೆ ಒಂದೊಂದಕ್ಕೂ ದೊರೆಯುವ ಕಾಲ ಸುಮಾರು 16.7 ಮಿಲಿಸೆಕೆಂಡು ಮಾತ್ರ. ಚೆಂಡು ಎತ್ತ ಹೋಯಿತು, ಆಟಗಾರ ಎಲ್ಲಿದ್ದಾನೆ ಎಂಬ ಲೆಕ್ಕವನ್ನು ಪ್ರೊಸೆಸರ್ ಎಂಬ ಭಾಗವು ಮಾಡುತ್ತದೆ. ಅದಕ್ಕೆ ಬೇಕಾದ ಮಾಹಿತಿಯನ್ನು ಮೆಮೊರಿ ಒದಗಿಸುತ್ತದೆ. ಆ ಲೆಕ್ಕವನ್ನು ಪಡೆದು ಗ್ರಾಫಿಕ್ಸ್ ಕಾರ್ಡು ಚಿತ್ರವನ್ನು ಬರೆಯುತ್ತದೆ.

ಮದುವೆಯ ಮನೆಯ ಅಡುಗೆಯನ್ನು ನೆನೆಯಿರಿ. ಒಬ್ಬರು ಪೂರಿ ಲಟ್ಟಿಸುತ್ತಾರೆ, ಇನ್ನೊಬ್ಬರು ಕರಿಯುತ್ತಾರೆ. ಲಟ್ಟಿಸುವವರು ನಿಮಿಷಕ್ಕೆ 10 ಪೂರಿಗಳನ್ನು ಕೊಟ್ಟರೆ, ಕರಿಯುವವರು 20ನ್ನು ಕರಿಯಬಲ್ಲ ಚತುರರಾದರೂ ಪಂಕ್ತಿಗೆ ಬರುವುದು 10 ಮಾತ್ರ. ಗಣಕಯಂತ್ರದ ವೇಗವನ್ನೂ ಹೀಗೆ ಅತಿ ನಿಧಾನವಾದ ಭಾಗವೇ ನಿರ್ಧರಿಸುತ್ತದೆ. ಕೆಲಸದ ಒಂದಂಶವನ್ನು ಎಷ್ಟೇ ವೇಗಗೊಳಿಸಿದರೂ ಉಳಿದ ಅಂಶವು ಒಟ್ಟು ವೇಗಕ್ಕೆ ಮಿತಿ ಹಾಕುತ್ತದೆ ಎಂಬ ವಿಚಾರವನ್ನು ಅಮೆರಿಕದ ಗಣಕಯಂತ್ರ ವಿನ್ಯಾಸಕಾರ ಜೀನ್ ಆಮ್‌ಡಾಲ್ 1967ರಲ್ಲಿ ಮುಂದಿಟ್ಟನು. ಆದುದರಿಂದ ಕಾರ್ಡನ್ನು ದೂರುವ ಮೊದಲು ಇಡೀ ಸರಪಳಿಯನ್ನು ಪರೀಕ್ಷಿಸುವುದು ಯುಕ್ತ.

ಪರೀಕ್ಷೆಯು ಕಣ್ಣಿಗೆ ಕಾಣುವುದರಿಂದ ಆರಂಭವಾಗಬೇಕು. ಪರದೆಯ ಕೇಬಲನ್ನು ಸಿಕ್ಕಿಸಲು ಯಂತ್ರದ ಹಿಂಬದಿಯಲ್ಲಿ ಎರಡು ಜಾಗಗಳಿರಬಹುದು: ಒಂದು ಮದರ್‌ಬೋರ್ಡಿನದು, ಇನ್ನೊಂದು ಹೊಸ ಕಾರ್ಡಿನದು. ಕೇಬಲು ಮದರ್‌ಬೋರ್ಡಿನಲ್ಲಿಯೇ ಉಳಿದಿದ್ದರೆ, ಸಾಮಾನ್ಯವಾಗಿ ಪ್ರೊಸೆಸರಿನೊಳಗಿನ ಸಣ್ಣ ಚಿತ್ರಘಟಕವೇ ಆ ಕೆಲಸವನ್ನೆಲ್ಲ ಮಾಡುತ್ತದೆ. ಬೆಲೆಯುಳ್ಳ ಕಾರ್ಡು ಸುಮ್ಮನೆ ಕುಳಿತಿರುತ್ತದೆ. ಕೇಬಲನ್ನು ಸ್ಥಳ ಬದಲಿಸಿದರೆ ಸಾಕು, ದೋಷ ನೀಗುತ್ತದೆ.

ಮುಂದೆ ಕಾರ್ಡು ಕುಳಿತಿರುವ ಸ್ಥಳವನ್ನು ನೋಡಬೇಕು. ಯಂತ್ರವನ್ನು ಬಿಚ್ಚುವ ಮುನ್ನ ಅದನ್ನು ನಿಲ್ಲಿಸಿ, ವಿದ್ಯುತ್ ಸಂಪರ್ಕವನ್ನು ಕಿತ್ತಿರಬೇಕು. ಬಲ್ಲ ಹಿರಿಯರು ಜೊತೆಗಿರಬೇಕು. ಮದರ್‌ಬೋರ್ಡಿನ ಉದ್ದನೆಯ ಸ್ಲಾಟುಗಳು ನೋಡಲು ಒಂದೇ ತೆರನಾಗಿದ್ದರೂ ಒಂದರಲ್ಲಿ ಮಾಹಿತಿ ಹರಿಯಲು 16 ದಾರಿಗಳಿದ್ದರೆ, ಇನ್ನೊಂದರಲ್ಲಿ 4 ಮಾತ್ರ ಇರಬಹುದು. ಸ್ಲಾಟಿನ ಮೂಲಕ ಕಾರ್ಡಿಗೆ ದೊರೆಯುವ ವಿದ್ಯುತ್ತು ಹೆಚ್ಚೆಂದರೆ 75 ವಾಟು. ಅದಕ್ಕಿಂತ ಹೆಚ್ಚು ಬೇಡುವ ಕಾರ್ಡಿಗೆ ಪ್ರತ್ಯೇಕ ತಂತಿಗಳನ್ನು ಜೋಡಿಸಬೇಕು. ವಿದ್ಯುತ್ತು ಸಾಲದಿದ್ದರೆ ಕಾರ್ಡು ಕೆಲಸವನ್ನೇ ಆರಂಭಿಸದಿರಬಹುದು, ಅಥವಾ ಆಟದ ನಡುವೆ ಯಂತ್ರವೇ ನಿಂತುಹೋಗಬಹುದು.

ಕಣ್ಣಿಗೆ ಕಾಣದ ಕಾರಣಗಳೂ ಇವೆ. ಗಣಕಯಂತ್ರವು ಕಾರ್ಡಿನೊಡನೆ ವ್ಯವಹರಿಸಲು ಡ್ರೈವರ್ ಎಂಬ ತಂತ್ರಾಂಶ ಬೇಕು. ಹಳೆಯ ಕಾರ್ಡಿನ ಡ್ರೈವರ್ ಉಳಿದು ತೊಡಕಾಗಿದ್ದರೆ ಅದನ್ನು ತೆಗೆದು, ಹೊಸ ಕಾರ್ಡನ್ನು ತಯಾರಿಸಿದವರು ಕೊಡುವ ಡ್ರೈವರನ್ನು ಹಾಕಬೇಕು. ಹೊಸ ಕಾರ್ಡಿನಲ್ಲಿ ಆಟವು ಮೊದಲ ಕೆಲವು ಸಲ ಅಲ್ಲಲ್ಲಿ ತಡೆಯುವುದು ಅಸಹಜವಲ್ಲ. ಚಿತ್ರರಚನೆಯ ಕಿರು ಆಜ್ಞೆಗಳನ್ನು ಯಂತ್ರವು ಹೊಸದಾಗಿ ಸಿದ್ಧಪಡಿಸಿಕೊಳ್ಳುತ್ತಿರುತ್ತದೆ. ಮದರ್‌ಬೋರ್ಡನ್ನು ಬದಲಾಯಿಸಿದ್ದರೆ ಮೆಮೊರಿಯ ವೇಗವನ್ನು ನೋಡಬೇಕು. 3200ರ ವೇಗದ ಮೆಮೊರಿಯು, ಸೂಕ್ತ ಏರ್ಪಾಡು ಮಾಡದಿದ್ದರೆ, 2133ರಲ್ಲಿಯೇ ಓಡುತ್ತಿರಬಹುದು. ಪ್ರೊಸೆಸರನ್ನು ಬದಲಾಯಿಸಿದ್ದರೆ ಶಾಖವನ್ನು ಗಮನಿಸಬೇಕು. ಪ್ರೊಸೆಸರಿಗೂ ಅದನ್ನು ತಂಪುಗೊಳಿಸುವ ಲೋಹದ ಭಾಗಕ್ಕೂ ನಡುವೆ ಶಾಖವಾಹಕ ಲೇಪ ಇಲ್ಲದಿದ್ದರೆ, ಅಥವಾ ಹೊಸ ಲೋಹಕ್ಕೆ ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆ ಅಲ್ಲಿಯೇ ಉಳಿದಿದ್ದರೆ, ಶಾಖ ಹೊರಹೋಗುವುದಿಲ್ಲ. ಆಗ ಪ್ರೊಸೆಸರು ತನ್ನನ್ನು ರಕ್ಷಿಸಿಕೊಳ್ಳಲು ತಾನೇ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಸ್ವಲ್ಪ ಕಾಲ ಸರಾಗವಾಗಿ ನಡೆದ ಆಟವು ಬರಬರುತ್ತ ನಿಧಾನವಾದರೆ ಶಾಖವನ್ನು ಶಂಕಿಸಬೇಕು.

ಇಷ್ಟಾದರೂ ದೋಷ ಕಾಣದಿದ್ದರೆ ಒಂದು ಸುಲಭ ಪ್ರಯೋಗವಿದೆ. 1920 × 1080 ಅಳತೆಯ ಚಿತ್ರದಲ್ಲಿ ಸುಮಾರು 20.7 ಲಕ್ಷ ಬಿಂದುಗಳಿರುತ್ತವೆ. ಅಳತೆಯನ್ನು 1280 × 720ಕ್ಕೆ ಇಳಿಸಿದರೆ ಬಿಂದುಗಳು ಸುಮಾರು 9.2 ಲಕ್ಷಕ್ಕಿಳಿಯುತ್ತವೆ, ಕಾರ್ಡಿನ ಹೊರೆ ಬಹಳ ಕಡಿಮೆಯಾಗುತ್ತದೆ, ಪ್ರೊಸೆಸರಿನ ಹೊರೆ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಈಗ ಸೆಕೆಂಡಿಗೆ ಬರುವ ಚಿತ್ರಗಳ ಸಂಖ್ಯೆ ಏರಿದರೆ, ವೇಗವನ್ನು ಕಾರ್ಡು ತಡೆಯುತ್ತಿತ್ತೆಂದು ತಿಳಿಯಬಹುದು. ಸಂಖ್ಯೆ ಬದಲಾಗದಿದ್ದರೆ ತಡೆ ಬೇರೆಡೆಯಿದೆ. ಬಹುಮಟ್ಟಿಗೆ ಅದು ಪ್ರೊಸೆಸರಿನಲ್ಲಿ ಅಥವಾ ಮೆಮೊರಿಯಲ್ಲಿರುತ್ತದೆ. ಆಟದಲ್ಲಿ ಚಿತ್ರಸಂಖ್ಯೆಗೆ ಮಿತಿ ಹಾಕುವ ಏರ್ಪಾಡಿದ್ದರೆ ಅದನ್ನು ಮೊದಲೇ ತೆಗೆದಿರಬೇಕು. ಇಲ್ಲವಾದರೆ ಪ್ರಯೋಗದ ಫಲ ನಮ್ಮನ್ನು ದಾರಿ ತಪ್ಪಿಸುತ್ತದೆ.

ಇಂತಹ ಪರೀಕ್ಷೆಗೆಲ್ಲ ಒಂದು ನಿಯಮವಿದೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಬದಲಾಯಿಸುವ ಮೊದಲೂ ಅನಂತರವೂ ಅಳೆದು, ಫಲವನ್ನು ಬರೆದಿಡಬೇಕು. ಕೇಬಲು, ಡ್ರೈವರ್, ಮೆಮೊರಿ ಮೂರನ್ನೂ ಒಟ್ಟಿಗೆ ಬದಲಾಯಿಸಿದವನ ಯಂತ್ರ ಸರಿಹೋದರೂ ಅದು ಯಾವುದರಿಂದ ಸರಿಹೋಯಿತೆಂದು ಅವನು ಹೇಳಲಾರ. ಮುಂದೆ ಅದೇ ತೊಂದರೆ ಬಂದಾಗ ಅವನು ಮತ್ತೆ ಕತ್ತಲಲ್ಲಿಯೇ ತಡಕಾಡಬೇಕಾಗುತ್ತದೆ. ಹೊಸ ಕಾರ್ಡೇ ಕೆಟ್ಟಿರುವ ಸಂದರ್ಭಗಳೂ ಇಲ್ಲದಿಲ್ಲ. ಅದನ್ನು ಸರಿಯಾಗಿರುವ ಮತ್ತೊಂದು ಯಂತ್ರಕ್ಕೆ ಜೋಡಿಸಿ ನೋಡಿದ ಮೇಲೆ ಹಾಗೆ ಹೇಳಿದರೆ ಆ ಮಾತಿಗೆ ಆಧಾರವಿರುತ್ತದೆ. ಅದಕ್ಕೆ ಮೊದಲು ಆಡಿದ್ದು ಬರಿಯ ಊಹೆ.

ಬೆಳೆ ಹಳದಿಯಾದಾಗ ತಿಳಿದ ರೈತನು ಒಡನೆಯೇ ಗೊಬ್ಬರ ಸುರಿಯುವುದಿಲ್ಲ. ನೀರು ನಿಂತಿದೆಯೇ, ಬೇರಿಗೆ ಹುಳು ಬಿದ್ದಿದೆಯೇ, ಮಣ್ಣಿನಲ್ಲಿ ಸಾರ ಕುಂದಿದೆಯೇ ಎಂದು ಒಂದೊಂದನ್ನೇ ನೋಡುತ್ತಾನೆ. ಗದ್ದೆಯಾಗಲಿ ಗಣಕಯಂತ್ರವಾಗಲಿ, ಕಾರಣವನ್ನು ಕಂಡುಕೊಂಡ ಮೇಲೆ ಮಾಡಿದ ಖರ್ಚು ಸಾರ್ಥಕವಾಗುತ್ತದೆ. ಕಾರಣವನ್ನು ಕಾಣದೆ ಮಾಡಿದ ಖರ್ಚು ಎಮ್ಮೆಗೆ ಎಳೆದ ಬರೆಯೇ ಸರಿ.