ನಾಲೆಗೆ ನೀರು ಬಂದರೆ ಕಾರ್ಖಾನೆ ಬಂದೀತೇ?

ಬೇಸಾಯ ಸುಧಾರಿಸಿದರೆ ಅದರ ಬೆನ್ನಿಗೇ ಕೈಗಾರಿಕೆ ತಾನಾಗಿ ಬರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಜಪಾನನ್ನು ಸಾಕ್ಷಿಗೆ ಕರೆಯುವವರು ಅರ್ಧ ಕಥೆಯನ್ನಷ್ಟೇ ಹೇಳುತ್ತಾರೆ. ಅಲ್ಲಿ ಇಳುವರಿ ಹೆಚ್ಚಿದ್ದು ನಿಜ. ಆದರೆ 1873ರ ಸುಧಾರಣೆಯಿಂದ ಸರ್ಕಾರ ಭೂಕಂದಾಯವನ್ನು ನಗದಾಗಿ ಎತ್ತತೊಡಗಿತು, ಆ ಹಣದಲ್ಲೇ ಮಾದರಿ ಕಾರ್ಖಾನೆಗಳು ಎದ್ದವು, ರೈತರ ರೇಷ್ಮೆಗೂಡು ದೇಶದೊಳಗೇ ನೂಲಾಗಿ ಹಡಗು ಹತ್ತಿತು. (ಆ ಕಂದಾಯದ ಭಾರಕ್ಕೆ ರೈತರು ದಂಗೆ ಎದ್ದದ್ದನ್ನೂ ಮರೆಯುವಂತಿಲ್ಲ.) ಹೊಲದಲ್ಲಿ ಮಿಕ್ಕಿದ್ದು ಎಲ್ಲಿಗೆ ಹೋಗುತ್ತದೆ ಎಂಬುದೇ ಇಲ್ಲಿ ಮುಖ್ಯ.

ರಾಯಚೂರು ಸೀಮೆಯನ್ನು ನೋಡಿ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಸಿದ್ಧವಾಯಿತು, ಎಡದಂಡೆ ನಾಲೆ ಮಾನ್ವಿಯವರೆಗೂ ಭತ್ತ ತಂದಿತು. ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗೆಂದು ಮಾಡಿದ ಲೆಕ್ಕ ಮೇಲ್ಭಾಗದ ಭತ್ತದ ಗದ್ದೆಗಳಲ್ಲಿ ಕರಗಿತು. ಮಾನ್ವಿ, ರಾಯಚೂರಿನ ಕೊನೆ ಭಾಗದ ರೈತರು ಇಂದಿಗೂ ನೀರಿಗಾಗಿ ಜಗಳಾಡುತ್ತಾರೆ. ದೇವದುರ್ಗಕ್ಕೆ ನಾರಾಯಣಪುರ ಬಲದಂಡೆ ನಾಲೆ ಬಂದರೂ ಮಳೆ ನಂಬಿದ ಹೊಲಗಳಿಗೆ ಕೊರತೆಯಿಲ್ಲ, ಗುಳೆಯೂ ನಿಂತಿಲ್ಲ. ಬೇಸಾಯ ಬಿಟ್ಟ ಕೈಗಳು ರಾಯಚೂರಿನ ಗಿರಣಿಗಿಂತ ಹೆಚ್ಚಾಗಿ ಬೆಂಗಳೂರಿನ ಕಟ್ಟಡ ಕೆಲಸ ಹಿಡಿಯುತ್ತವೆ.

ಗಿರಣಿಗಳು ಇಲ್ಲಿಯೂ ಇವೆಯಲ್ಲ ಎಂದು ಕೇಳಬಹುದು. ಇವೆ. ಜಿನ್ನಿಂಗ್ ಮಿಲ್ಲಿಗೆ ಬಂದ ಒಂದು ಕ್ವಿಂಟಲ್ ಹತ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲು ಅರಳೆ, ಉಳಿದದ್ದು ಹತ್ತಿಕಾಳು. ಕಾಳು ಎಣ್ಣೆ ಗಾಣಕ್ಕೆ ಹೋಗಿ ಎಣ್ಣೆ, ಹಿಂಡಿಯಾಗುತ್ತದೆ. ಅರಳೆಯನ್ನು ಒತ್ತಿ ಬೇಲು ಕಟ್ಟಿ ಲಾರಿಗೆ ಹೇರುತ್ತಾರೆ. ಅದು ನೂಲಾಗುವುದು, ಬಟ್ಟೆಯಾಗುವುದು ಬಹುಪಾಲು ಬೇರೆಡೆ. ಭತ್ತವೂ ಅಷ್ಟೆ, ಹೊಟ್ಟು ಕಳಚಿ ಅಕ್ಕಿಯಾದ ಕೂಡಲೇ ಊರು ಬಿಡುತ್ತದೆ. ಶಕ್ತಿನಗರವನ್ನು ತೋರಿಸುವವರೂ ಇದ್ದಾರೆ. 1985ರಲ್ಲಿ ಮೊದಲ ಘಟಕ ಚಾಲೂ ಆದ ಆ ವಿದ್ಯುತ್ ಸ್ಥಾವರಕ್ಕೆ ಕೃಷ್ಣೆಯ ನೀರು ಬೇಕಿತ್ತು, ಕಲ್ಲಿದ್ದಲು ರೈಲಿನಲ್ಲಿ ಹೊರಗಿನಿಂದ ಬರಬೇಕಿತ್ತು. ಹೊಲದ ಫಸಲಿನಿಂದ ಹುಟ್ಟಿದ ಉದ್ಯಮವಲ್ಲ ಅದು.

ಹಾಗಾದರೆ ಕೊರತೆ ಯಾವುದರದು? ರೈಲು 1871ರಲ್ಲೇ ಬಂದಿದೆ, ವಿದ್ಯುತ್ ಮನೆ ಬಾಗಿಲಲ್ಲಿದೆ, ಕೃಷಿ ವಿಶ್ವವಿದ್ಯಾಲಯವೂ ಇದೆ. ನನ್ನ ಲೆಕ್ಕದಲ್ಲಿ ತಡೆ ಬಂಡವಾಳದ ಬಗೆಯಲ್ಲಿದೆ. ಜಿನ್ನಿಂಗ್ ಹಂಗಾಮಿನ ವ್ಯವಹಾರ: ಹತ್ತಿ ಬಿಡಿಸುವ ಕಾಲಕ್ಕೆ ಹಾಕಿದ ಹಣ ಕೆಲವೇ ತಿಂಗಳಲ್ಲಿ ಕೈ ಸೇರುತ್ತದೆ. ನೂಲಿನ ಗಿರಣಿ ವರ್ಷವಿಡೀ ತಿರುಗಬೇಕು, ಹಾಕಿದ ಹಣ ವರ್ಷಗಟ್ಟಲೆ ಅಲ್ಲೇ ಕೂರಬೇಕು. ಬೆಳೆಸಾಲಕ್ಕೂ ಹಂಗಾಮಿನ ವ್ಯಾಪಾರಕ್ಕೂ ಒಗ್ಗಿದ ಪೇಟೆ ಅಷ್ಟು ದಿನ ಕಾಯಲು ಒಪ್ಪುವುದಿಲ್ಲ.