ಎಂಜಿನಿನ ಕೂಲೆಂಟ್ ಸೋರಿದಾಗ

ಮುಂಬಯಿಯಿಂದ ಊರಿಗೆ ಹೊರಟವರು ಖಂಡಾಲಾ ಘಟ್ಟದಲ್ಲಿ ಬಾನೆಟ್ ಎತ್ತಿ ನಿಂತ ವಾಹನಗಳನ್ನು ಕಂಡಿರಬಹುದು. ಅವು ಹಾಗೆ ನಿಲ್ಲುವುದೇಕೆ ಎಂಬುದನ್ನು ವಿಚಾರಿಸೋಣ.

ಎಂಜಿನಿನಲ್ಲಿ ಉರಿದ ಇಂಧನದ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ ದುಡಿಮೆಗೆ ಒದಗುತ್ತದೆ. ಇನ್ನೊಂದು ಪಾಲು ಹೊಗೆಯೊಡನೆ ಹೊರಹೋಗುತ್ತದೆ. ಉಳಿದ ಶಾಖದ ಬಹುಭಾಗವನ್ನು ಎಂಜಿನಿನೊಳಗೆ ಹರಿಯುವ ದ್ರವವು ಹೊತ್ತೊಯ್ದು ರೇಡಿಯೇಟರಿನಲ್ಲಿ ಗಾಳಿಗೆ ಬಿಟ್ಟುಕೊಡುತ್ತದೆ. ಇದೇ ಕೂಲೆಂಟ್. ನೀರು ಮತ್ತು ಎಥಿಲೀನ್ ಗ್ಲೈಕಾಲ್‌ಗಳ ಈ ಮಿಶ್ರಣವು ಸೋರಿ ಕಡಿಮೆಯಾದರೆ ಎಂಜಿನು ಮಿತಿಮೀರಿ ಕಾಯ್ದು ಕೆಡುತ್ತದೆ. ವಾಹನವನ್ನೇ ನೆಚ್ಚಿದ ಸಂಸಾರದಲ್ಲಿ ವಾಹನ ನಿಂತ ದಿನ ಗಳಿಕೆಯೂ ನಿಲ್ಲುತ್ತದೆ.

ಸೋರಿಕೆಯನ್ನು ಅರಿಯುವ ಬಗೆ ಸುಲಭ. ಎಂಜಿನು ಪೂರ್ಣವಾಗಿ ತಣಿದ ಮೇಲೆ, ಕೂಲೆಂಟ್ ತೊಟ್ಟಿಯ ಮೇಲಿನ ಎರಡು ಗೆರೆಗಳ ನಡುವೆ ದ್ರವವು ಎಲ್ಲಿದೆಯೆಂದು ನೋಡಬೇಕು. ಬಿಸಿಯಿರುವಾಗ ಮುಚ್ಚಳವನ್ನು ತೆರೆಯಲೇಕೂಡದು. ಒತ್ತಡದಲ್ಲಿರುವ ಕುದಿದ್ರವವು ಚಿಮ್ಮಿ ಮುಖವನ್ನು ಸುಟ್ಟೀತು. ರಾತ್ರಿ ವಾಹನದ ಕೆಳಗೆ ಒಂದು ರಟ್ಟನ್ನು ಹಾಸಿಟ್ಟರೆ ಬೆಳಗ್ಗೆ ಗುರುತು ಕಾಣುತ್ತದೆ. ಬಣ್ಣವಿಲ್ಲದ ಬರಿಯ ನೀರಾದರೆ ಅದು ಬಹುಶಃ ಎ.ಸಿ.ಯದು, ಚಿಂತೆಯಿಲ್ಲ. ಕಂದು ಜಿಡ್ಡಾದರೆ ಎಣ್ಣೆ. ಹಸಿರು, ಕಿತ್ತಳೆ ಅಥವಾ ಗುಲಾಬಿ ಬಣ್ಣವಿದ್ದರೆ ಕೂಲೆಂಟ್ ಎಂದು ಶಂಕಿಸಬೇಕು. ಇದು ರುಚಿಗೆ ಸಿಹಿಯಾದರೂ ವಿಷ. ಆದುದರಿಂದ ಮಕ್ಕಳೂ ನಾಯಿ ಬೆಕ್ಕುಗಳೂ ಮುಟ್ಟದಂತೆ ಕೂಡಲೇ ತೊಳೆಯಬೇಕು.

ನೆಲ ಒಣಗಿದ್ದೂ ಮಟ್ಟ ಇಳಿಯುತ್ತಿದ್ದರೆ ಒತ್ತಡದ ಪರೀಕ್ಷೆಯೇ ದಾರಿ. ತಣಿದ ಎಂಜಿನಿಗೆ ಕೈಪಂಪನ್ನು ಜೋಡಿಸಿ, ಮುಚ್ಚಳದ ಮೇಲೆ ಬರೆದಷ್ಟು ಒತ್ತಡವನ್ನು ಕೊಟ್ಟು ಕಾಯುತ್ತಾರೆ. ಮುಳ್ಳು ಇಳಿದರೆ ಎಲ್ಲಿಯೋ ತೂತಿದೆ ಎಂದರ್ಥ. ಹೊರಗೆ ತೇವವಿಲ್ಲದೆ, ಎಂಜಿನು ಬಿಸಿಯಾದ ಮೇಲೂ ಬಿಳಿಯ ಹೊಗೆ ಬರುತ್ತಿದ್ದರೆ ಅಥವಾ ಎಣ್ಣೆಯು ಹಾಲುಬಣ್ಣಕ್ಕೆ ತಿರುಗಿದ್ದರೆ, ಹೆಡ್ ಗ್ಯಾಸ್ಕೆಟ್ ಕೆಟ್ಟಿರುವ ಸಂಭವವುಂಟು.

ಇಷ್ಟನ್ನು ತಿಳಿದು ಡೀಲರರ ಬಳಿ ಹೋದರೂ, "ಸೋರಿಕೆ ಏನೂ ಇಲ್ಲ, ನೀರು ಹಾಕಿ ಓಡಿಸಿ" ಎಂಬ ಉತ್ತರ ಬರುವುದುಂಟು. ಆಗ ಕೂಗಾಟದಿಂದ ಫಲವಿಲ್ಲ. ಯಾವ ದಿನ, ಎಷ್ಟು ಕಿಲೋಮೀಟರು ಓಡಿದಾಗ, ಎಷ್ಟು ಕೂಲೆಂಟ್ ಹಾಕಿದೆವು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡೋಣ. ರಟ್ಟಿನ ಹಾಗೂ ತೊಟ್ಟಿಯ ಚಿತ್ರಗಳನ್ನು ತೆಗೆದಿಡೋಣ. ಜಾಬ್ ಕಾರ್ಡಿನಲ್ಲಿ ದೂರನ್ನು ನಮ್ಮ ಮಾತಿನಲ್ಲಿಯೇ ಬರೆಯಿಸಿ, ಒತ್ತಡ ಪರೀಕ್ಷೆಯ ಫಲವನ್ನು ಲಿಖಿತವಾಗಿ ಕೇಳೋಣ. ವಾರಂಟಿಯ ಅವಧಿಯೊಳಗೇ ದೂರು ದಾಖಲಾಗುವುದು ಅತ್ಯಗತ್ಯ.

ಅಲ್ಲಿಯೂ ನ್ಯಾಯ ದೊರೆಯದಿದ್ದರೆ ವಾಹನ ತಯಾರಿಸಿದ ಕಂಪನಿಗೆ ಪತ್ರ ಬರೆಯಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಾದ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು 2020ರ ಜುಲೈ ತಿಂಗಳಿಂದ ಜಾರಿಗೆ ಬಂದಿದೆ. ಅದರಂತೆ, ದೂರಿಗೆ ಕಾರಣ ಹುಟ್ಟಿದ 2 ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗವನ್ನು ಸೇರಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಗಳನ್ನು ಮೀರದಿದ್ದರೆ ಶುಲ್ಕವಿಲ್ಲ. ವಕೀಲರಿಲ್ಲದೆ ತಾನೇ ವಾದಿಸಲೂ ಅವಕಾಶವುಂಟು.

ಆಯೋಗದ ಮುಂದೆ ನಿಲ್ಲುವುದು ಬರಹದ ಆಧಾರವೇ ಹೊರತು ಬರಿಯ ಮಾತಲ್ಲ. ಮನೆಯಲ್ಲಿ ಹಿರಿಯರಿಗೆ ಬಿಡುವಿಲ್ಲದಿದ್ದರೆ ಆ ಲೆಕ್ಕದ ಪುಸ್ತಕವನ್ನು ಇಡುವ ಕೆಲಸವನ್ನು ಶಾಲೆಯಲ್ಲಿ ಓದುವ ನಾವೇ ವಹಿಸಿಕೊಳ್ಳಬಹುದಲ್ಲವೇ?