ಖಾನಾಪುರ ತಾಲೂಕಿನಲ್ಲಿ ನಕ್ಷತ್ರ ವೀಕ್ಷಣೆ ಮತ್ತು ಆಕಾಶ ಛಾಯಾಗ್ರಹಣ: ಶಿಬಿರ ಸ್ಥಳದ ಆಯ್ಕೆ ಕುರಿತು ಸಾರ್ವಜನಿಕ ಮಾಹಿತಿ

ಪೀಠಿಕೆ

ಬೆಳಗಾವಿ ನಗರದ ಖಾಸಬಾಗ, ಶಹಾಪುರ, ವಡಗಾವಿ ಭಾಗಗಳ ಮಾಳಿಗೆಯ ಮೇಲೆ ನಿಂತು ಅಮಾವಾಸ್ಯೆಯ ರಾತ್ರಿ ಆಕಾಶವನ್ನು ನೋಡಿದರೂ ಪ್ರಕಾಶಮಾನವಾದ ಕೆಲವು ನಕ್ಷತ್ರಗಳಷ್ಟೇ ಕಾಣುತ್ತವೆ. ಬೀದಿ ದೀಪ, ಅಂಗಡಿಗಳ ಫಲಕ ಮತ್ತು ವಾಹನಗಳ ಬೆಳಕು ಗಾಳಿಯಲ್ಲಿನ ಧೂಳು ಹಾಗೂ ತೇವಾಂಶದ ಮೇಲೆ ಬಿದ್ದು ಚದುರಿ, ಆಕಾಶವೇ ಬೂದು ಬಣ್ಣಕ್ಕೆ ತಿರುಗುವುದು ಇದಕ್ಕೆ ಕಾರಣ. ಇದನ್ನು ಬೆಳಕಿನ ಮಾಲಿನ್ಯ ಎಂದು ಕರೆಯಲಾಗುತ್ತದೆ. ನಗರದಿಂದ ದಕ್ಷಿಣಕ್ಕೆ ಸುಮಾರು 26 ಕಿ.ಮೀ. ದೂರದಲ್ಲಿರುವ ಖಾನಾಪುರ ಪಟ್ಟಣವನ್ನು ದಾಟಿದರೆ ಪರಿಸ್ಥಿತಿ ಬದಲಾಗುತ್ತದೆ. ಆದ್ದರಿಂದ ವಿದ್ಯಾರ್ಥಿಗಳು ಮತ್ತು ಹವ್ಯಾಸಿಗಳು ತಂಡವಾಗಿ ಶನಿವಾರ-ಭಾನುವಾರಗಳಲ್ಲಿ ಈ ತಾಲೂಕಿಗೆ ತೆರಳಲು ಬಯಸುವುದು ಸಹಜ.

ಇಂತಹ ತಂಡಗಳು ಸಾಮಾನ್ಯವಾಗಿ ಭೂಪಟದಲ್ಲಿ ಅತ್ಯಂತ ಕತ್ತಲೆಯ ಭಾಗವನ್ನು ಗುರುತಿಸಿ ಅಲ್ಲಿಗೆ ಹೊರಡುತ್ತವೆ. ಖಾನಾಪುರ ತಾಲೂಕಿನಲ್ಲಿ ಈ ಕ್ರಮ ಸರಿಯಾದುದಲ್ಲ. ಇಲ್ಲಿ ಅತ್ಯಂತ ಕತ್ತಲೆ ಇರುವುದು ದಟ್ಟ ಅರಣ್ಯದಲ್ಲಿ. ಅಲ್ಲಿ ರಾತ್ರಿ ತಂಗುವುದು ಕಾನೂನುಬಾಹಿರವೂ ಅಪಾಯಕರವೂ ಆಗಿದೆ. ಮೇಲಾಗಿ ಮರಗಳು ದಿಗಂತವನ್ನು ಮುಚ್ಚುವುದರಿಂದ ವೀಕ್ಷಣೆಗೂ ಅನುಕೂಲವಲ್ಲ. ಉತ್ತಮ ಶಿಬಿರ ಸ್ಥಳವನ್ನು ಯಾವ ಆಧಾರದ ಮೇಲೆ ಆಯ್ದುಕೊಳ್ಳಬೇಕೆಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ದೂರ ಮತ್ತು ದಿಕ್ಕು

ನಗರದಿಂದ ದೂರ ಸರಿದಂತೆ ಅದರ ಬೆಳಕಿನ ಪ್ರಭಾವ ವೇಗವಾಗಿ ಕುಗ್ಗುತ್ತದೆ. ವಾಕರ್ ಸೂತ್ರ ಎಂದು ಹೆಸರಾದ ಲೆಕ್ಕಾಚಾರದ ಪ್ರಕಾರ ದೂರವು ಎರಡು ಪಟ್ಟಾದರೆ ಆಕಾಶದಲ್ಲಿನ ನಗರದ ಬೆಳಕು ಸುಮಾರು ಆರನೇ ಒಂದು ಭಾಗಕ್ಕೆ ಇಳಿಯುತ್ತದೆ. ಅಂದರೆ 20 ಕಿ.ಮೀ. ಬದಲು 40 ಕಿ.ಮೀ. ಪ್ರಯಾಣಿಸಿದರೆ ದೊರೆಯುವ ಲಾಭ ದೊಡ್ಡದು. ಆದರೆ 40 ಕಿ.ಮೀ. ನಂತರ ಇನ್ನೂ 10 ಕಿ.ಮೀ. ಹೋಗಿ ಕಾಡಿನೊಳಗೆ ಸೇರುವುದರಿಂದ ದೊರೆಯುವ ಹೆಚ್ಚುವರಿ ಲಾಭ ಅಲ್ಪ. ಅದಕ್ಕೆ ತೆರಬೇಕಾದ ಬೆಲೆ ಮಾತ್ರ ಬಹಳ ಹೆಚ್ಚು.

ದೂರದಷ್ಟೇ ದಿಕ್ಕೂ ಮುಖ್ಯ. ಬೆಳಗಾವಿಯ ಅಕ್ಷಾಂಶ ಸುಮಾರು 15.85 ಡಿಗ್ರಿ ಉತ್ತರ. ಈ ಅಕ್ಷಾಂಶದಲ್ಲಿ ಧ್ರುವ ನಕ್ಷತ್ರವು ಉತ್ತರ ದಿಗಂತದಿಂದ ಸುಮಾರು 16 ಡಿಗ್ರಿ ಎತ್ತರದಲ್ಲಿರುತ್ತದೆ. ದಕ್ಷಿಣದಲ್ಲಿ ಅಗಸ್ತ್ಯ ನಕ್ಷತ್ರವು ಸುಮಾರು 21 ಡಿಗ್ರಿಯವರೆಗೆ ಏರುತ್ತದೆ. ತ್ರಿಶಂಕು ನಕ್ಷತ್ರಪುಂಜದ ಅತ್ಯಂತ ಕೆಳಗಿನ ತಾರೆ ಏರುವುದು ಸುಮಾರು 11 ಡಿಗ್ರಿಯವರೆಗೆ ಮಾತ್ರ. ಆಕಾಶಗಂಗೆಯ ಕೇಂದ್ರಭಾಗವೂ ದಕ್ಷಿಣದಲ್ಲಿಯೇ ಸುಮಾರು 45 ಡಿಗ್ರಿ ಎತ್ತರಕ್ಕೆ ಬರುತ್ತದೆ. ನೋಡತಕ್ಕ ಬಹುಪಾಲು ವಿಶೇಷಗಳು ದಕ್ಷಿಣದಲ್ಲಿರುವುದರಿಂದ, ನಗರವು ಬೆನ್ನ ಹಿಂದೆ ಅಂದರೆ ಉತ್ತರಕ್ಕೆ ಉಳಿಯುವ ಸ್ಥಳ ಬೇಕು. ಖಾನಾಪುರ ತಾಲೂಕಿನ ನಿಜವಾದ ಅನುಕೂಲ ಇದೇ. ನಗರದ ಉತ್ತರ ಭಾಗದಲ್ಲಿ ಅಷ್ಟೇ ದೂರ ಹೋದರೆ ನಗರದ ಬೆಳಕು ದಕ್ಷಿಣ ದಿಗಂತದ ಮೇಲೆಯೇ ಹರಡಿರುತ್ತದೆ.

ಯಳ್ಳೂರಿನ ರಾಜಹಂಸಗಡದಂತಹ ಸಮೀಪದ ಎತ್ತರದ ಸ್ಥಳಗಳು ಸಂಜೆಯ ಅಭ್ಯಾಸಕ್ಕೆ ಸೂಕ್ತವಾಗಬಹುದು. ಆದರೆ ಎತ್ತರವು ನಗರದ ಬೆಳಕನ್ನು ಕಡಿಮೆ ಮಾಡುವುದಿಲ್ಲ ಎಂಬುದನ್ನು ಗಮನಿಸತಕ್ಕದ್ದು.

ಅರಣ್ಯ ಪ್ರದೇಶ ಏಕೆ ಸೂಕ್ತವಲ್ಲ

ತಾಲೂಕಿನ ಪಶ್ಚಿಮ ಭಾಗದಲ್ಲಿ ಭೀಮಗಡ ವನ್ಯಜೀವಿ ಧಾಮವಿದೆ. 2011ರಲ್ಲಿ ಘೋಷಿಸಲಾದ ಈ ಧಾಮದ ವಿಸ್ತೀರ್ಣ 190.42 ಚದರ ಕಿ.ಮೀ. ಹುಲಿ, ಚಿರತೆ, ಕರಡಿ, ಕಾಡುಕೋಣ ಮುಂತಾದ ಪ್ರಾಣಿಗಳಿಗೆ ಇದು ಆಶ್ರಯವಾಗಿದೆ. ಇಲ್ಲಿನ ಬಾರಾಪೇಡೆ ಗುಹೆಗಳು ಅಪರೂಪದ ರಾಟನ್ ಬಾವಲಿಗಳ ನೆಲೆಯಾಗಿವೆ.

ವನ್ಯಜೀವಿ ಸಂರಕ್ಷಣಾ ಅಧಿನಿಯಮ, 1972ರ ಪ್ರಕರಣ 27 ಮತ್ತು 28ರ ಅನ್ವಯ ಧಾಮದೊಳಗೆ ಅನುಮತಿಯಿಲ್ಲದೆ ಪ್ರವೇಶಿಸುವಂತಿಲ್ಲ. ಪ್ರಕರಣ 30 ಧಾಮಕ್ಕೆ ಅಪಾಯವಾಗುವಂತೆ ಬೆಂಕಿ ಹೊತ್ತಿಸುವುದನ್ನು ನಿಷೇಧಿಸುತ್ತದೆ. ಧಾಮದ ಹೊರಗಿನ ಮೀಸಲು ಅರಣ್ಯಕ್ಕೆ ಕರ್ನಾಟಕ ಅರಣ್ಯ ಅಧಿನಿಯಮ, 1963 ಅನ್ವಯಿಸುತ್ತದೆ. ಅರಣ್ಯ ಪ್ರದೇಶದಲ್ಲಿಯೇ ತಂಗಲು ಇಚ್ಛಿಸುವವರು ಇಲಾಖೆಯು ಅನುಮತಿಸಿದ ವಸತಿಯಲ್ಲಿ ಮಾತ್ರ, ಅಲ್ಲಿನ ನಿಯಮಗಳಿಗೆ ಒಳಪಟ್ಟು ತಂಗತಕ್ಕದ್ದು.

ಕಾನೂನಿನ ಹಿಂದಿರುವ ಕಾರಣವನ್ನೂ ಅರಿಯುವುದು ಉಚಿತ. ನಕ್ಷತ್ರ ವೀಕ್ಷಕರು ದೀಪವಿಲ್ಲದೆ, ಸದ್ದಿಲ್ಲದೆ, ಗಂಟೆಗಟ್ಟಲೆ ಒಂದೇ ಕಡೆ ಕುಳಿತಿರುತ್ತಾರೆ. ಕಾಡುಪ್ರಾಣಿಗೆ ಮನುಷ್ಯನ ಸುಳಿವು ದೂರದಿಂದಲೇ ಸಿಕ್ಕರೆ ಅದು ಸಾಮಾನ್ಯವಾಗಿ ದಾರಿ ಬದಲಿಸುತ್ತದೆ; ಸುಳಿವು ಸಿಗದೆ ಹತ್ತಿರ ಬಂದಾಗಲೇ ಅವಘಡ ಸಂಭವಿಸುತ್ತದೆ. ವೀಕ್ಷಣೆಗೆ ಬೇಕಾದ ಕತ್ತಲೆ ಮತ್ತು ಮೌನಗಳೇ ಕಾಡಿನಲ್ಲಿ ಅಪಾಯವನ್ನು ಹೆಚ್ಚಿಸುತ್ತವೆ.

ಕಾಡಿನಂಚಿನ ಹೊಲಗಳಿಗೂ ಈ ಮಾತು ಅನ್ವಯಿಸುತ್ತದೆ. ಭತ್ತ ಮತ್ತು ಕಬ್ಬು ಬೆಳೆದು ನಿಂತಿರುವ ಕಾಲದಲ್ಲಿ ದಾಂಡೇಲಿ ಕಡೆಯ ಕಾಡಿನಿಂದ ಆನೆಗಳು ಬರುವುದುಂಟು. ಆಗ ರೈತರು ರಾತ್ರಿಯಿಡೀ ಹೊಲ ಕಾಯುತ್ತಾರೆ. ಕತ್ತಲೆಯಲ್ಲಿ ಓಡಾಡುವ ಅಪರಿಚಿತ ತಂಡದಿಂದ ಅವರಿಗೆ ಗೊಂದಲ, ತಂಡಕ್ಕೆ ಅಪಾಯ ಎರಡೂ ಉಂಟಾಗಬಹುದು. ಕೆಲವೆಡೆ ಬೆಳೆ ರಕ್ಷಣೆಗೆ ವಿದ್ಯುತ್ ತಂತಿಯ ಬೇಲಿಗಳೂ ಇರುವುದರಿಂದ ಹೊಲದ ಯಜಮಾನರನ್ನು ಕೇಳದೆ ರಾತ್ರಿ ಬದು ದಾಟಬಾರದು.

ಮಂಗನ ಕಾಯಿಲೆಯ ಬಗ್ಗೆಯೂ ಎಚ್ಚರಿಕೆ ಅಗತ್ಯ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ರೋಗವು ಉಣ್ಣೆಗಳ ಮೂಲಕ ಹರಡುತ್ತದೆ. ಖಾನಾಪುರಕ್ಕೆ ಹೊಂದಿಕೊಂಡಿರುವ ಗೋವಾ ರಾಜ್ಯದ ಸತ್ತರಿ ತಾಲೂಕಿನಲ್ಲಿ 2015ರಲ್ಲಿ ಇದು ಕಾಣಿಸಿಕೊಂಡಿತ್ತು. ಉಣ್ಣೆಗಳ ಹಾವಳಿ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ, ಅಂದರೆ ವೀಕ್ಷಣೆಯ ಕಾಲದಲ್ಲಿಯೇ, ಹೆಚ್ಚು. ತರಗೆಲೆಗಳ ಮೇಲೆ ಕೂರುವುದು, ಮಲಗುವುದು ಸಲ್ಲದು.

ಸೂಕ್ತವಾದ ಭಾಗ

ಮೇಲಿನ ಎಲ್ಲ ಅಂಶಗಳನ್ನು ಪರಿಗಣಿಸಿದಾಗ ತಾಲೂಕಿನ ಪೂರ್ವ ಭಾಗದ ಬಯಲು ಪ್ರದೇಶ, ಅಂದರೆ ಬೀಡಿ, ಇಟಗಿ, ಪಾರಿಶ್ವಾಡ ಕಡೆಯ ತೆರೆದ ಹೊಲಗಳು ಹೆಚ್ಚು ಸೂಕ್ತವಾಗಿ ಕಂಡುಬರುತ್ತವೆ. ಘಟ್ಟದ ಅಂಚಿನ ಕಣಕುಂಬಿ, ಜಾಂಬೋಟಿ ಪ್ರದೇಶಗಳಿಗೆ ಹೋಲಿಸಿದರೆ ಇಲ್ಲಿ ಮಳೆ ಮತ್ತು ಮಂಜು ಕಡಿಮೆ, ದಿಗಂತ ವಿಶಾಲ, ಊರು ಸಮೀಪ. ಸುಗ್ಗಿ ಮುಗಿದು ಬೆಳೆ ಕೊಯ್ದ ಹೊಲವನ್ನು ಯಜಮಾನರ ಲಿಖಿತ ಒಪ್ಪಿಗೆ ಪಡೆದು ಬಳಸಬಹುದು. ಈ ಭಾಗದ ಗ್ರಾಮಸ್ಥರು ಕನ್ನಡ, ಮರಾಠಿ ಎರಡನ್ನೂ ಆಡುವವರಾದ್ದರಿಂದ ತಂಡದಲ್ಲಿ ಎರಡೂ ಭಾಷೆ ಬಲ್ಲವರೊಬ್ಬರು ಇರುವುದು ಒಳ್ಳೆಯದು.

ನದಿ ದಡ ಮತ್ತು ತಗ್ಗು ಪ್ರದೇಶಗಳನ್ನು ಬಿಡತಕ್ಕದ್ದು. ಚಳಿಗಾಲದ ರಾತ್ರಿ ತಂಪು ಗಾಳಿ ತಗ್ಗಿಗೆ ಇಳಿದು ನಿಲ್ಲುವುದರಿಂದ ಮಲಪ್ರಭಾ ನದಿಯ ಅಂಚಿನಲ್ಲಿ ನಸುಕಿನ ಹೊತ್ತಿಗೆ ಮಂಜು ಕವಿಯುವ ಸಂಭವ ಹೆಚ್ಚು. ಅದೇ ಸಮಯದಲ್ಲಿ ಸ್ವಲ್ಪ ಎತ್ತರದ ದಿಬ್ಬವು ಮಂಜಿನಿಂದ ಮುಕ್ತವಾಗಿರಬಹುದು. ಇಟ್ಟಿಗೆ ಭಟ್ಟಿ ಮತ್ತು ಕಬ್ಬಿನ ರವದಿ ಸುಡುವ ಹೊಲಗಳ ಹೊಗೆಯಿಂದಲೂ ದೂರವಿರಬೇಕು. ಹಲಸಿಯಂತಹ ಐತಿಹಾಸಿಕ ಸ್ಥಳಗಳಿಗೆ ಹಗಲಿನಲ್ಲಿ ಭೇಟಿ ನೀಡಬಹುದು. ಸ್ಮಾರಕಗಳ ಆವರಣದಲ್ಲಿ ರಾತ್ರಿ ತಂಗುವಂತಿಲ್ಲ.

ಋತು ಮತ್ತು ತಿಥಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡಗಳ ಕಾರಣ ಶಿಬಿರ ನಿರರ್ಥಕ. ಅಕ್ಟೋಬರ್‌ನಿಂದ ಮೇ ಆರಂಭದವರೆಗಿನ ಅವಧಿಯಲ್ಲಿ ಕಾಣಸಿಗುವ ವಿಶೇಷಗಳು ಈ ಕೆಳಕಂಡಂತಿವೆ.

1. ಅಕ್ಟೋಬರ್: ಮೋಡವಿಲ್ಲದಿದ್ದರೆ ಆಕಾಶಗಂಗೆಯ ಕೇಂದ್ರಭಾಗ ಸಂಜೆ ನೈಋತ್ಯದಲ್ಲಿ, ರಾತ್ರಿ ಸುಮಾರು ಒಂಬತ್ತರವರೆಗೆ.
2. ಡಿಸೆಂಬರ್‌ನಿಂದ ಫೆಬ್ರವರಿ: ಕೃತ್ತಿಕೆ, ಮಹಾವ್ಯಾಧ, ಅಗಸ್ತ್ಯ. ಡಿಸೆಂಬರ್ 13-14ರ ಸುಮಾರಿಗೆ ಜೆಮಿನಿಡ್ ಉಲ್ಕಾಪಾತ.
3. ಮಾರ್ಚ್: ಆಕಾಶಗಂಗೆಯ ಕೇಂದ್ರಭಾಗ ರಾತ್ರಿ ಒಂದೂವರೆಯ ಸುಮಾರಿಗೆ ಉದಯಿಸಿ ನಸುಕಿನವರೆಗೆ.
4. ಏಪ್ರಿಲ್: ತ್ರಿಶಂಕು ಪುಂಜ ತಿಂಗಳ ಮಧ್ಯದಲ್ಲಿ ರಾತ್ರಿ ಹನ್ನೊಂದೂವರೆಯ ಸುಮಾರಿಗೆ ದಕ್ಷಿಣದಲ್ಲಿ. ಈ ಅವಧಿಯಲ್ಲಿ ಗುಡುಗು ಮಳೆಯ ಸಾಧ್ಯತೆ ಇರುವುದರಿಂದ ಹವಾಮಾನ ಮುನ್ಸೂಚನೆ ನೋಡಿಯೇ ಹೊರಡಬೇಕು.

ಅಮಾವಾಸ್ಯೆಯು ಶನಿವಾರವೇ ಬರುವುದು ಅಪರೂಪ. ಚಂದ್ರನು ದಿನಕ್ಕೆ ಸರಾಸರಿ 50 ನಿಮಿಷ ತಡವಾಗಿ ಉದಯಿಸುತ್ತಾನೆ ಮತ್ತು ಅಸ್ತಮಿಸುತ್ತಾನೆ. ಇದರ ಆಧಾರದಲ್ಲಿ, ಸಂಜೆಯ ವೀಕ್ಷಣೆಗೆ ಅಮಾವಾಸ್ಯೆಯ ಮುಂಚಿನ ಶನಿವಾರವನ್ನೂ, ನಸುಕಿನ ವೀಕ್ಷಣೆಗೆ ನಂತರದ ಶನಿವಾರವನ್ನೂ ಆಯ್ದುಕೊಂಡರೆ ಚಂದ್ರನ ಬೆಳಕಿನ ಅಡ್ಡಿ ಇರುವುದಿಲ್ಲ. ಎಳ್ಳ ಅಮಾವಾಸ್ಯೆಯಂದು ಉತ್ತರ ಕರ್ನಾಟಕದ ರೈತ ಕುಟುಂಬಗಳು ಹೊಲಕ್ಕೆ ಹೋಗಿ ಚರಗ ಚೆಲ್ಲಿ ಊಟ ಮಾಡುವ ಪದ್ಧತಿಯಿದೆ. ಆ ದಿನಗಳಲ್ಲಿ ಪರಿಚಿತ ರೈತರ ಹೊಲದಲ್ಲಿ ಅವರೊಂದಿಗೇ ವೀಕ್ಷಣೆ ಏರ್ಪಡಿಸಿದರೆ ಸ್ಥಳದ ಪ್ರಶ್ನೆ ಸುಲಭವಾಗಿ ಬಗೆಹರಿಯುತ್ತದೆ.

ಹಗಲಿನ ಸ್ಥಳ ಪರಿಶೀಲನೆ

ಶಿಬಿರಕ್ಕೆ ಮುಂಚೆ ಇಬ್ಬರಾದರೂ ಹಗಲಿನಲ್ಲಿ ಸ್ಥಳಕ್ಕೆ ಹೋಗಿ ಈ ಕೆಳಕಂಡ ಅಂಶಗಳನ್ನು ಪರಿಶೀಲಿಸತಕ್ಕದ್ದು.

1. ಕೈಯನ್ನು ಪೂರ್ತಿ ಚಾಚಿ ಹಿಡಿದ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ದಕ್ಷಿಣದಲ್ಲಿ ಮರ, ಗುಡ್ಡಗಳು ಅರ್ಧ ಮುಷ್ಟಿಗಿಂತ ಎತ್ತರ ಕಾಣಬಾರದು.
2. ಉತ್ತರದಲ್ಲಿ ಒಂದು ಮುಷ್ಟಿಗಿಂತ ಹೆಚ್ಚಿನ ಅಡ್ಡಿ ಇರಬಾರದು. ನಕ್ಷತ್ರಗಳ ಚಲನೆಯನ್ನು ಅನುಸರಿಸುವ ಯಂತ್ರವನ್ನು ಹೊಂದಿಸಲು ಧ್ರುವ ನಕ್ಷತ್ರ ಕಾಣಬೇಕು.
3. ಬೆಳಗಾವಿ-ಗೋವಾ ರಸ್ತೆ ಅಥವಾ ಪುಣೆ-ಬೆಂಗಳೂರು ಹೆದ್ದಾರಿಯ ವಾಹನಗಳ ದೀಪ ನೇರವಾಗಿ ಬೀಳಬಾರದು.
4. ನೆಲ ಗಟ್ಟಿಯಾಗಿದ್ದು ಸಮತಟ್ಟಾಗಿರಬೇಕು. ತೆರೆದ ಬಾವಿ, ಕೃಷಿ ಹೊಂಡ, ಹುತ್ತಗಳು ಸಮೀಪ ಇರಬಾರದು.
5. ಕುಡಿಯುವ ನೀರು, ಶೌಚಾಲಯ, ಮೊಬೈಲ್ ಸಂಪರ್ಕ ಮತ್ತು ಆಂಬುಲೆನ್ಸ್ ಬರುವಂತಹ ದಾರಿ ಇರಬೇಕು.
6. ಸಾಧ್ಯವಾದರೆ ಒಮ್ಮೆ ರಾತ್ರಿಯೂ ನೋಡಬೇಕು. ಕೃತ್ತಿಕೆಯಲ್ಲಿ ಆರು ತಾರೆಗಳನ್ನು ಬರಿಗಣ್ಣಿನಿಂದ ಎಣಿಸಬಹುದಾದರೆ ಆಕಾಶ ತೃಪ್ತಿಕರ ಎಂದು ತಿಳಿಯಬಹುದು.

ಛಾಯಾಗ್ರಾಹಕರಿಗೆ ಸೂಚನೆ

ಭೂಮಿಯು ತನ್ನ ಅಕ್ಷದ ಸುತ್ತ ತಿರುಗುವುದರಿಂದ ಆಕಾಶವು ಗಂಟೆಗೆ 15 ಡಿಗ್ರಿ ಸರಿದಂತೆ ಕಾಣುತ್ತದೆ. ಆದ್ದರಿಂದ ಟ್ರೈಪಾಡ್ ಮೇಲೆ ಸ್ಥಿರವಾಗಿಟ್ಟ ಕ್ಯಾಮೆರಾದಲ್ಲಿ ದೀರ್ಘಕಾಲ ಬೆಳಕು ಬಿಟ್ಟರೆ ನಕ್ಷತ್ರಗಳು ಗೆರೆಗಳಾಗುತ್ತವೆ. ಪೂರ್ಣ ಗಾತ್ರದ ಸೆನ್ಸರ್ ಉಳ್ಳ ಕ್ಯಾಮೆರಾಕ್ಕೆ 500ನ್ನು ಲೆನ್ಸಿನ ನಾಭಿದೂರದಿಂದ ಭಾಗಿಸಿದರೆ ಸುಮಾರಾದ ಗರಿಷ್ಠ ಸೆಕೆಂಡುಗಳು ದೊರೆಯುತ್ತವೆ: 20 ಮಿ.ಮೀ. ಲೆನ್ಸಿಗೆ 25 ಸೆಕೆಂಡು, 50 ಮಿ.ಮೀ. ಲೆನ್ಸಿಗೆ 10 ಸೆಕೆಂಡು. ಚಿಕ್ಕ ಸೆನ್ಸರ್ ಇದ್ದಲ್ಲಿ ಇದಕ್ಕಿಂತ ಕಡಿಮೆ. ಚಳಿಗಾಲದಲ್ಲಿ ಲೆನ್ಸಿನ ಮೇಲೆ ಇಬ್ಬನಿ ಕೂರುವುದನ್ನು ಆಗಾಗ ಪರೀಕ್ಷಿಸಬೇಕು.

ವೀಕ್ಷಕರು ಮತ್ತು ಛಾಯಾಗ್ರಾಹಕರ ಜಾಗಗಳನ್ನು ಪ್ರತ್ಯೇಕಿಸುವುದು ಸೂಕ್ತ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಒಂದು ಮೊಬೈಲಿನ ಬಿಳಿ ಬೆಳಕು ಅದನ್ನು ಕ್ಷಣದಲ್ಲಿ ಕೆಡಿಸುತ್ತದೆ. ಮಂದ ಕೆಂಪು ದೀಪವನ್ನೇ ಬಳಸತಕ್ಕದ್ದು.

ಶಿಬಿರದ ರಾತ್ರಿ ಪಾಲಿಸಬೇಕಾದ ಕ್ರಮಗಳು

1. ಗ್ರಾಮ ಪಂಚಾಯಿತಿಗೆ ಮತ್ತು ಸಂಬಂಧಿಸಿದ ಪೊಲೀಸ್ ಠಾಣೆಗೆ ಸದಸ್ಯರ ಪಟ್ಟಿಯೊಂದಿಗೆ ಮುಂಚಿತವಾಗಿ ತಿಳಿಸುವುದು.
2. ಸೂರ್ಯಾಸ್ತಕ್ಕೆ ಮುಂಚೆಯೇ ಸ್ಥಳ ತಲುಪಿ, ವಾಹನಗಳನ್ನು ಹೊರಮುಖವಾಗಿ ನಿಲ್ಲಿಸುವುದು.
3. ಸರದಿಯ ಮೇಲೆ ಇಬ್ಬರು ಎಚ್ಚರವಿದ್ದು ಪ್ರಬಲವಾದ ಟಾರ್ಚ್ ಬಳಿಯಲ್ಲಿಟ್ಟುಕೊಳ್ಳುವುದು. ಸುರಕ್ಷತೆಯ ಪ್ರಶ್ನೆ ಬಂದಾಗ ಬಿಳಿ ದೀಪ ಹಾಕಲು ಹಿಂಜರಿಯಬಾರದು.
4. ಹಸಿರು ಲೇಸರ್ ದೀಪವನ್ನು ಯಾವುದೇ ಕಾರಣಕ್ಕೂ ವಿಮಾನಗಳತ್ತ ಹಿಡಿಯಬಾರದು. ಸಾಂಬ್ರಾ ವಿಮಾನ ನಿಲ್ದಾಣವು ಬೆಳಗಾವಿಯ ಸಮೀಪದಲ್ಲಿಯೇ ಇದೆ.
5. ಪೂರ್ಣ ತೋಳಿನ ಬಟ್ಟೆ, ಮುಚ್ಚಿದ ಬೂಟು ಧರಿಸುವುದು. ಹಾವು ಕಚ್ಚಿದಲ್ಲಿ ವಿಳಂಬ ಮಾಡದೆ 108ಕ್ಕೆ, ಇತರ ತುರ್ತು ಸಂದರ್ಭದಲ್ಲಿ 112ಕ್ಕೆ ಕರೆ ಮಾಡುವುದು.
6. ಕಸವನ್ನು ಮರಳಿ ತರುವುದು. ಧ್ವನಿವರ್ಧಕ ಮತ್ತು ಶಿಬಿರಾಗ್ನಿ ಬೇಡ.

ಉಪಸಂಹಾರ

ಲಡಾಖ್‌ನ ಹಾನ್ಲೆ ಪ್ರದೇಶವನ್ನು 2022ರಲ್ಲಿ ಕತ್ತಲೆ ಆಕಾಶದ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಮಹಾರಾಷ್ಟ್ರದ ಪೆಂಚ್ ಹುಲಿ ಸಂರಕ್ಷಿತ ಪ್ರದೇಶಕ್ಕೆ 2024ರಲ್ಲಿ ಕತ್ತಲೆ ಆಕಾಶದ ಉದ್ಯಾನವೆಂಬ ಅಂತರರಾಷ್ಟ್ರೀಯ ಮಾನ್ಯತೆ ದೊರೆಯಿತು. ಕತ್ತಲೆಯೂ ನೀರು, ಅರಣ್ಯಗಳಂತೆ ಕಾಪಾಡಬೇಕಾದ ಸಂಪತ್ತು ಎಂಬ ತಿಳಿವಳಿಕೆ ದೇಶದಲ್ಲಿ ಬೆಳೆಯುತ್ತಿದೆ. ಖಾನಾಪುರ ತಾಲೂಕಿನಲ್ಲಿ ಆ ಸಂಪತ್ತು ಇಂದಿಗೂ ಉಳಿದಿರಲು ಅಲ್ಲಿನ ಅರಣ್ಯವೇ ದೊಡ್ಡ ಕಾರಣ. ಆ ಅರಣ್ಯವನ್ನು ಅದರ ಪಾಡಿಗೆ ಬಿಟ್ಟು, ಒಪ್ಪಿಗೆ ಪಡೆದ ಬಯಲು ಹೊಲದಲ್ಲಿ ಕುಳಿತು ದಕ್ಷಿಣದತ್ತ ಮುಖ ಮಾಡಿದರೆ ಖಾಸಬಾಗದ ಮಾಳಿಗೆಯಿಂದ ಕಾಣದ ಆಕಾಶಗಂಗೆ ಸ್ಪಷ್ಟವಾಗಿ ಕಾಣುತ್ತದೆ. ತಂಡದ ಪ್ರತಿಯೊಬ್ಬರೂ ಭಾನುವಾರ ಬೆಳಿಗ್ಗೆ ಕ್ಷೇಮವಾಗಿ ಮನೆಗೆ ಮರಳಿದಾಗ ಮಾತ್ರ ಶಿಬಿರ ಯಶಸ್ವಿಯಾಯಿತೆಂದು ಭಾವಿಸಿ, ಸಾರ್ವಜನಿಕರು ಮೇಲಿನ ಸೂಚನೆಗಳನ್ನು ಪಾಲಿಸಬೇಕೆಂದು ಕೋರಲಾಗಿದೆ.